ಸಾಲ್ಯಾಗ ಮಕ್ಕಳನ್ನ ಕಾಡ್ಸೋದು: ಪದೇ ಪದೇ ಕೇಳೋ ಪ್ರಶ್ನೆಗಳು

ಪಾಲಕರ ಸಭಿ, ವಾಟ್ಸಾಪ್, ಮದುವಿ ಊಟದ ಪಂಕ್ತಿ, ಗಂಗಾವತಿಯಿಂದ ಸಿಂಧನೂರಿಗೆ ಹೋಗೋ ಬಸ್ಸು, ಎಲ್ಲಿ ಕುಂತ್ರೂ ಮಕ್ಕಳ ಮಾತು ಬಂತಂದ್ರ ಇವ ಪ್ರಶ್ನಿ ಬರ್ತಾವ. ಕೆಲವ್ರು ಚೀಟ್ಯಾಗ ಬರ್ದು ಕೊಟ್ಟಾರ, ಕೆಲವ್ರು ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ ವಾಯ್ಸ್ ಮೆಸೇಜ್ ಹಾಕ್ಯಾರ. ಕೇಳಿದವ್ರ ಮಾತು ಹೆಂಗಿತ್ತೋ ಹಂಗ ಇಟ್ಟೀನಿ, ಊರು ಹೆಸರು ಅಷ್ಟ ತಗದೀನಿ. ನಿಮಗ ಬೇಕಾದ ಪ್ರಶ್ನಿ ಹುಡುಕ್ಕೊಂಡು ಅದೊಂದ ಓದಿದ್ರೂ ನಡೀತೈತಿ.

## ಮೊದ್ಲು ತಿಳ್ಕೋಬೇಕಾದ್ದು

ಹುಡುಗ್ರು ಅಂದಮ್ಯಾಲ ಚಾಷ್ಟಿ ಮಾಡ್ತಾವ, ಬಡದಾಡ್ತಾವ. ಇದ್ರಾಗ ಹೊಸಾದೇನೈತ್ರಿ?

ಬಡದಾಟ ಬ್ಯಾರೆ, ಕಾಡ್ಸೋದು ಬ್ಯಾರೆ. ಐದನೇತ್ತದ ಇಬ್ಬರು ಹುಡುಗ್ರು ಕಬಡ್ಡಿ ಆಡ್ಕೊಂತ ಅಂಗಿ ಹರಿಯೋಹಂಗ ಬಡದಾಡ್ತಾರ, ಮರುದಿನ ಅದ ಇಬ್ಬರು ಒಂದ ಕಟ್ಟಿ ಮ್ಯಾಲ ಕುಂತು ಶೇಂಗಾ ಸುಲ್ಕೊಂಡು ತಿಂತಿರ್ತಾರ. ಅದ್ರಾಗ ದೊಡ್ಡವ್ರು ತಲಿ ಹಾಕೋದೂ ಬ್ಯಾಡ. ಆದ್ರ ಒಬ್ಬ ಹುಡುಗನ ನೀರಿನ ಬಾಟ್ಲಿ ದಿನಾ ಯಾರೋ ಚೆಲ್ತಾರ, ದಿನಾ ಅವನ ಚಪ್ಲಿ ಕಂಪೌಂಡ್ ಆಚೆ ಒಗೀತಾರ, ಅವ ಏನೂ ಅನ್ನಾಕ ಆಗಂಗಿಲ್ಲ, ಯಾಕಂದ್ರ ಅವ್ರು ಮೂರು ಮಂದಿ ಅದಾರ, ಇಲ್ಲಾ ದೊಡ್ಡ ಕ್ಲಾಸಿನವ್ರು, ಇಲ್ಲಾ ಊರಾಗ ಅವ್ರ ಮನಿ ದೊಡ್ಡದು. ಇದು ಕಾಡ್ಸೋದು. ನಾರ್ವೆ ದೇಶದಾಗ ಕೆಲಸ ಮಾಡಿದ ಡ್ಯಾನ್ ಓಲ್ವಿಯಸ್ ಅನ್ನೋ ಮನಶ್ಶಾಸ್ತ್ರಜ್ಞರು 1970ರ ದಶಕದಿಂದ ಇದನ್ನ ಅಭ್ಯಾಸ ಮಾಡಿ ಮೂರು ಗುರುತು ಹೇಳ್ಯಾರ: ನೋಯಿಸ್ಬೇಕಂತ ಮಾಡೋದು, ತಿರುತಿರುಗಿ ಮಾಡೋದು, ಇಬ್ಬರ ಬಲದಾಗ ಅಂತರ ಇರೋದು. ನಮ್ಮ ಕಡೆ ಆ ಮೂರನೇದ ಭಾಳ ಮುಖ್ಯ ಅಂತ ನನಗನ್ನಸ್ತೈತಿ. ರಟ್ಟಿ ಬಲ ಒಂದ ಬಲ ಏನು, ಜಾತಿ, ರೊಕ್ಕ, ಅಪ್ಪನ ಹೆಸರು, ಮನ್ಯಾಗ ಆಡೋ ಭಾಷೆ ಇವೆಲ್ಲಾ ಹುಡುಗ್ರ ಸಂಗಾಟ ಸಾಲಿ ಗೇಟಿನ ಒಳಗ ಬರ್ತಾವ.

ಅನುಮಾನ ಬಂದ್ರ ಹಿಂಗ ನೋಡ್ರಿ: ನಗಚಾಟಿಕಿ ಆಗಿದ್ರ ಇಬ್ಬರೂ ನಗ್ತಿರ್ತಾರ, ಒಬ್ಬ "ಸಾಕು ಬಿಡಲೇ" ಅಂದ್ರ ಅಲ್ಲಿಗೇ ನಿಲ್ತೈತಿ.

ಇದೆಲ್ಲಾ ಬೆಂಗ್ಳೂರು, ಫಾರಿನ್ ಸಾಲಿ ಸಮಸ್ಯಾ ಅಲ್ಲೇನ್ರಿ? ನಮ್ಮ ಹಳ್ಳ್ಯಾಗ ಎಲ್ಲೈತಿ?

ಯುನೆಸ್ಕೋ 2019ರಾಗ ಬಾಳಷ್ಟು ದೇಶಗಳ ಲೆಕ್ಕ ಕೂಡಿಸಿ ಹೇಳಿದ್ದೇನಂದ್ರ, ಹೆಚ್ಚುಕಮ್ಮಿ ಮೂರು ಮಕ್ಕಳಾಗ ಒಬ್ಬರು ಹಿಂದಿನ ಒಂದ ತಿಂಗಳಾಗ ಇದನ್ನ ಅನುಭವಿಸ್ಯಾರ ಅಂತ. ಅದಕ್ಕ ಬಡ ದೇಶ, ಶ್ರೀಮಂತ ದೇಶ ಅನ್ನೋ ಭೇದ ಇಲ್ಲ. 2020ರಿಂದ ನವೆಂಬರ್ ತಿಂಗಳ ಮೊದಲ ಗುರುವಾರನ ಇದಕ್ಕಂತನ ಒಂದು ದಿನ ಅಂತ ಇಟ್ಟಾರ. ನಮ್ಮ ಹಳ್ಳ್ಯಾಗ ಇಲ್ಲ ಅನ್ನೋರು ಒಂದ್ಸಲ ಊಟದ ಬಿಡುವಿನ್ಯಾಗ ಸಾಲಿ ನಳದ ಹತ್ರ ಸುಮ್ನ ನಿಂತು ನೋಡ್ರಿ.

ಹೊಡಿಲಿಲ್ಲ, ಬಡಿಲಿಲ್ಲ, ಬರೇ ಅಡ್ಡ ಹೆಸರಿಟ್ಟು ಕರೀತಾರ. ಅದೂ ಇದ್ರಾಗ ಬರ್ತೈತೇನು?

ಬರ್ತೈತಿ, ಮತ್ತ ಹೊಡತಕ್ಕಿಂತ ಜಾಸ್ತಿ ದಿನ ಉಳಿತೈತಿ. ಕರಿಯ, ದಡೂತಿ, ಕುಳ್ಳಿ, ತೊದಲ, ಇವು ಎಲ್ಲಾ ಕಡೆ ಅದಾವ. ನಮ್ಮ ಭಾಗಕ್ಕ ಅಂತನ ಇರೋದು ಒಂದೈತಿ, ಹಲ್ಲಿಂದು. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಎಷ್ಟೋ ಊರಾಗ ಬೋರ್ ನೀರಿನ್ಯಾಗ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ದಾಟಿದ ನೀರು ಸಣ್ಣಂದಿನಿಂದ ಕುಡಿದ ಮಕ್ಕಳಿಗೆ ಹಲ್ಲು ಒಸಡಿನೊಳಗ ತಯಾರಾಗೋ ವಯಸ್ಸಿನ್ಯಾಗ ಕಲೆ ಕುಂದ್ರತಾವ, ಹಲ್ಲು ಹೊರಗ ಬರೋದ ಕಂದು ಗೆರಿ, ಬಿಳಿ ಮಚ್ಚಿ ಹೊತ್ಕೊಂಡು ಬರ್ತಾವ. ಎಷ್ಟು ತಿಕ್ಕಿದ್ರೂ ಹೋಗಂಗಿಲ್ಲ. ಆದ್ರ ಕ್ಲಾಸಿನ್ಯಾಗ ಏನಂತಾರ? "ಹಲ್ಲು ತಿಕ್ಕಂಗಿಲ್ಲ ಇವ, ಹೊಲಸು." ಇಂಥ ಮಗುನ್ನ ಗುರ್ತು ಹಿಡಿಯೋದು ಸುಲಭ, ನಗೋವಾಗ ಅಂಗೈ ಬಾಯಿಗೆ ಬರ್ತೈತಿ, ಫೋಟೋದಾಗ ತುಟಿ ಮುಚ್ಚಿರ್ತೈತಿ, ಪಾಠ ಗೊತ್ತಿದ್ರೂ ಕೈ ಎತ್ತಂಗಿಲ್ಲ. ವಿಜ್ಞಾನ ಮಾಸ್ತರು ಒಂದ್ ಪಿರಿಯಡ್‌ನಾಗ ಊರ ನೀರಿನ ಕತಿ ಹೇಳಿದ್ರ ಆ ಅಡ್ಡ ಹೆಸರಿಗೆ ಅರ್ಧ ಜೀವ ಹೋಗ್ತೈತಿ, ಯಾಕಂದ್ರ ಹಂಗ ಕರಿಯೋರ ಹಲ್ಲಾಗೂ ಗೆರಿ ಇರ್ತಾವ, ಸ್ವಲ್ಪ ಕಮ್ಮಿ ಅಷ್ಟ.

ಇನ್ನ ಮಾತಾಡಿಸದ ಇರೋದು, ಆಟಕ್ಕ ಸೇರಿಸ್ಕೊಳ್ಳದ ಇರೋದು, "ಅಕಿ ಜೋಡಿ ಕುಂತ್ರ ನಿನ್ನ ಜೋಡಿ ಟೂ" ಅನ್ನೋದು. ಹೆಣ್ಣುಮಕ್ಕಳಾಗ ಇದು ಜಾಸ್ತಿ ಕಾಣ್ತೈತಿ. ಗಾಯ ಕಾಣಂಗಿಲ್ಲ ಅಂತ ಯಾರೂ ಲೆಕ್ಕಕ್ಕ ಹಿಡಿಯಂಗಿಲ್ಲ.

## ಮನ್ಯಾಗ

ನಮ್ಮ ಹುಡುಗ ಏನೂ ಹೇಳಂಗಿಲ್ಲ. ಕಾಡ್ಸಾಕತ್ಯಾರ ಅಂತ ಹೆಂಗ ಗೊತ್ತಾಗೋದು?

ಬಾಯಿ ಹೇಳದಿದ್ರೂ ಹೊಟ್ಟಿ ಹೇಳ್ತೈತಿ. ಸೋಮವಾರ ಮುಂಜಾನಿ ಹೊಟ್ಟಿನೋವು, ಆಯ್ತವಾರ ಇಲ್ಲ. ಬಿಸಿಯೂಟ ಐತಿ ಅಂದ್ರೂ ಮನಿಗೆ ಬಂದ ಕೂಡ್ಲೆ ರೊಟ್ಟಿ ಬುಟ್ಟಿಗೆ ಕೈ ಹಾಕ್ತಾನ. ಪೆನ್ನು, ರಬ್ಬರು, ಕಂಪಾಸ್ ಬಾಕ್ಸ್ ವಾರಕ್ಕೊಂದು ಕಳೀತಾವ, ಕೇಳಿದ್ರ "ಬಿದ್ದು ಹೋತು". ಸಮೀಪದ ದಾರಿ ಬಿಟ್ಟು ಸುತ್ತು ಹಾಕ್ಕೊಂಡು ಬರ್ತಾನ. ಐದು ಹತ್ತು ರೂಪಾಯಿ ಜಾಸ್ತಿ ಕೇಳ್ತಾನ, ಇಲ್ಲಾ ಅಪ್ಪನ ಜೇಬಿನಾಗ ಕಮ್ಮಿ ಆಗ್ತೈತಿ.

ಬಹಳ ಮಂದಿ ಗಮನಿಸದ ಇರೋದು ಒಂದೈತಿ: ಮನಿಗೆ ಬಂದವನ ಪಾಟಿಚೀಲ ಒಗದು ಒಂದಕ್ಕ ಓಡ್ತಾನ. ದಿನಾ ಹಂಗ ಆದ್ರ ಇಡೀ ದಿನ ಹಿಡ್ಕೊಂಡು ಕುಂತಿದ್ದ ಅಂತ ಅರ್ಥ. ಪಾಯಖಾನಿ ಹೊಲಸು ಇರ್ಬಹುದು, ಚಿಲಕ ಇಲ್ಲದಿರಬಹುದು, ಇಲ್ಲಾ ಅಲ್ಲಿ ಯಾರೋ ಕಾಯ್ತಾ ನಿಂತಿರಬಹುದು. ಯಾವುದ ಆದ್ರೂ ಕೇಳೋ ವಿಷಯ. ಇವ್ರಾಗ ಒಂದೆರಡು ಕಂಡ ಕೂಡ್ಲೆ ಕಾಡ್ಸಾಕತ್ಯಾರ ಅಂತ ತೀರ್ಮಾನ ಮಾಡಬ್ಯಾಡ್ರಿ, ಹೊಟ್ಟಿನೋವು ಖರೇ ಹೊಟ್ಟಿನೋವೂ ಇರ್ತೈತಿ, ಆದ್ರ ಎರಡ್ಮೂರು ಕೂಡಿ ಬಂದ್ರ ಸುಮ್ನ ಕುಂದ್ರಬ್ಯಾಡ್ರಿ.

ಕೇಳಿದ್ರ "ಏನಿಲ್ಲ" ಅಂತಾಳ. ಬಾಯಿ ಬಿಡಿಸೋದು ಹೆಂಗ?

ಎದುರು ಕುಂದ್ರಿಸಿ ಕಣ್ಣು ಬಿಟ್ಟು ಕೇಳಿದ್ರ ಪೊಲೀಸ್ ವಿಚಾರಣಿ ಆಗ್ತೈತಿ. ಮೆಣಸಿನಕಾಯಿ ತೊಟ್ಟು ಬಿಡಸ್ಕೊಂತ, ಗಾಡಿ ಹಿಂದ ಕುಂದ್ರಿಸ್ಕೊಂಡು ಹೋಗ್ಕೊಂತ, ಜಡಿ ಹಾಕ್ಕೊಂತ ಕೇಳ್ರಿ, ಮುಖ ನೋಡದ ಇದ್ದಾಗ ಮಾತು ಬರ್ತಾವ. "ಯಾರು ಕಾಡ್ತಾರ?" ಅಂತ ಶುರು ಮಾಡಬ್ಯಾಡ್ರಿ, "ಇವತ್ತು ಊಟಕ್ಕ ಯಾರ ಜೋಡಿ ಕುಂತಿದ್ದಿ ಯವ್ವಾ? ಬಸ್ಸಿನ್ಯಾಗ ಯಾವ ಸೀಟು ಸಿಕ್ತು?" ಅಂತ ಕೇಳ್ರಿ. ಒಂಟಿ ಇದ್ಲು ಅನ್ನೋದು ತಾನ ಹೊರಗ ಬರ್ತೈತಿ.

ಹೇಳಿದ ಮ್ಯಾಲ ಮೊದಲ ಹತ್ತು ನಿಮಿಷದಾಗ ನೀವೇನು ಮಾಡ್ತೀರೋ ಅದ್ರ ಮ್ಯಾಲ ಅಕಿ ಮತ್ತೊಂದ್ಸಲ ಹೇಳ್ತಾಳೋ ಇಲ್ಲೋ ಅನ್ನೋದು ನಿಂತೈತಿ. "ನೀ ಏನು ಮಾಡಿದ್ದಿ ಮೊದ್ಲು?" ಅಂದ್ರೋ, ಬಾಗ್ಲಾ ಮುಚ್ಚಿತು. ಅಪ್ಪ ಎದ್ದು ಬಡಿಗಿ ಹುಡುಕಿದ್ರೂ ಮುಚ್ಚಿತು, ಮಕ್ಕಳಿಗೆ ಕಾಡ್ಸೋರಕಿಂತ ಅಪ್ಪ ಓಣ್ಯಾಗ ಮಾಡೋ ರಾದ್ಧಾಂತದ್ದ ಹೆಚ್ಚು ಅಂಜಿಕಿ ಇರ್ತೈತಿ. "ಹೇಳಿದ್ದು ಚಲೋ ಆತು, ಇದ್ರಾಗ ನಿಂದೇನೂ ತಪ್ಪಿಲ್ಲ, ನಾಳೆ ಏನು ಮಾಡೋದು ಇಬ್ಬರೂ ಕೂಡಿ ನೋಡೋಣು" ಇಷ್ಟ ಸಾಕು. ಯಾರಿಗೂ ಹೇಳಂಗಿಲ್ಲ ಅಂತ ಮಾತು ಮಾತ್ರ ಕೊಡಬ್ಯಾಡ್ರಿ, ಸಾಲಿಗೆ ಹೇಳಬೇಕಾಗ್ತೈತಿ. ಯಾರಿಗೆ ಹೇಳ್ತೀನಿ ಅನ್ನೋದನ್ನ ಮೊದ್ಲ ಅಕಿಗೆ ತಿಳಿಸ್ರಿ.

"ನೀನೂ ತಿರುಗಿ ಒಂದು ಬಿಡು" ಅಂದ್ರ ತಪ್ಪೇನು? ನಾವೂ ಹಂಗ ಬೆಳದೀವಲ್ಲ?

ತಿರುಗಿ ಬಿಡೋ ತಾಕತ್ತು ಇದ್ದಿದ್ರ ಅವನ್ನ ಆರಿಸ್ಕೊಂತಿದ್ದಿಲ್ಲ. ಮೂರು ಮಂದಿ ಎದುರು ಒಬ್ಬ ಕೈ ಎತ್ತಿದ್ರ ಮತ್ತ ಬಡಿಸ್ಕೊತಾನ, ಇಲ್ಲಾ ಮಾಸ್ತರ ಕಣ್ಣಿಗೆ ಬೀಳೋದು ಆ ಎರಡನೇ ಏಟ, ಆಫೀಸಿಗೆ ಹೋಗೋನು ನಿಮ್ಮ ಮಗ. ಇಷ್ಟಾಗಿ ಮನಿಗೆ ಬಂದ್ರ ಅಪ್ಪ ಹೇಳಿದ್ದೂ ಆಗ್ಲಿಲ್ಲ ಅನ್ನೋ ನಾಚಿಕಿ ಬ್ಯಾರೆ.

ಕಲಿಸೋದು ಇದನ್ನ: ಒಂದ ವಾಕ್ಯ, ಜೋರಾಗಿ, ಎಲ್ಲಾರಿಗೂ ಕೇಳೋಹಂಗ. "ನನ್ನ ಚೀಲ ಬಿಡು." ಬೈಗುಳ ಇಲ್ಲ, ಅಳು ಇಲ್ಲ. ಹೇಳಿ ಅಲ್ಲಿ ನಿಲ್ಲಬಾರದು, ದೊಡ್ಡವ್ರು ಇರೋ ಕಡೆ ನಡಿಬೇಕು, ಅಡಗಿ ಕ್ವಾಣಿ ಆದ್ರೂ ನಡೀತೈತಿ. ಅಂಗಳದಾಗ ನಿಂತು ನೀವ ಆ ಹುಡುಗನ ಪಾತ್ರ ಮಾಡಿ ನಾಕು ಸಲ ಆಡಿಸ್ರಿ, ನಗೂನೂ ಬರ್ತೈತಿ, ಧ್ವನಿನೂ ಬರ್ತೈತಿ. ಆದ್ರ ನಿಲ್ಲಿಸೋ ಜವಾಬ್ದಾರಿ ಹುಡುಗನ ತಲಿಮ್ಯಾಲ ಹಾಕಬ್ಯಾಡ್ರಿ, ಅದು ದೊಡ್ಡವ್ರದು.

ನಾವು ಗುಳೆ ಹೋಗ್ತೀವ್ರಿ, ಮಗ ಅಜ್ಜಿ ಹತ್ರ ಇರ್ತಾನ. ದೂರದಾಗ ಕುಂತು ಏನು ಮಾಡಾಕ ಬರ್ತೈತಿ?

ಬೆಂಗ್ಳೂರು, ಪುಣಿ ಕಡೆ ಕಟ್ಟಡ ಕೆಲಸಕ್ಕ ಹೋದವ್ರ ಮಕ್ಕಳ ಹಿಂದ ಕೇಳೋರು ಯಾರೂ ಇಲ್ಲ ಅನ್ನೋದು ಕಾಡ್ಸೋರಿಗೆ ಲಗೂನ ಗೊತ್ತಾಗ್ತೈತಿ. ಹೋಗೋಕಿಂತ ಮೊದ್ಲ ಕ್ಲಾಸ್ ಟೀಚರ್‌ನ ಕಂಡು ನಿಮ್ಮ ನಂಬರ್, ಅಜ್ಜಿ ನಂಬರ್, ಓಣ್ಯಾಗ ಓದು ಬರಹ ಬಲ್ಲ ಒಬ್ಬರ ನಂಬರ್ ಕೊಟ್ಟು ಹೋಗ್ರಿ, ಹುಡುಗನ ಮುಂದ ಕೊಡ್ರಿ. ವಾರದಾಗ ಒಂದು ಹೊತ್ತು ಗೊತ್ತು ಮಾಡಿ ಹುಡುಗನ ಜೋಡಿ ಬ್ಯಾರೆ ಮಾತಾಡ್ರಿ, ಅಜ್ಜಿ ಪಕ್ಕದಾಗ ಇದ್ರ "ಅಜ್ಜಿಗೆ ತ್ರಾಸ ಆಗ್ತೈತಿ" ಅಂತ ಅವ ಏನೂ ಹೇಳಂಗಿಲ್ಲ. ಮಕ್ಕಳನ್ನೂ ಕರ್ಕೊಂಡು ಹೋದವ್ರು ವಾಪಸ್ ಬಂದಾಗ ಬ್ಯಾರೆ ತೊಂದ್ರಿ, ಪಾಠ ಹಿಂದ ಬಿದ್ದಿರ್ತಾನ, "ಗುಳೆ ಹೋಗಿ ಬಂದವ" ಅಂತ ಆಡ್ಕೋತಾರ. ಮೊದಲ ವಾರ ಒಬ್ಬ ಗೆಳೆಯನ ಜೋಡಿ ಬೆಂಚು ಹಾಕಿ ಕೊಡ್ರಿ ಸರ್ ಅಂತ ಕೇಳ್ರಿ, ಇದಕ್ಕ ಯಾವ ಮಾಸ್ತರೂ ಇಲ್ಲ ಅನ್ನಂಗಿಲ್ಲ.

ನಮ್ಮ ಮಗನ ಕಾಡ್ಸ್ತಾನ ಅಂತ ಹೇಳಿ ಕಳ್ಸ್ಯಾರ. ನಂಬಾಕ ಆಗವಲ್ದು. ಮನ್ಯಾಗ ಭಾಳ ಚಲೋ ಅದಾನ.

ಮನ್ಯಾಗ ಚಲೋ ಇರೋದೂ ಖರೇ, ಅಲ್ಲಿ ಕಾಡ್ಸೋದೂ ಖರೇ ಇರಬಹುದು. ಮೊದ್ಲು ಸಾಲ್ಯಾಗ ಏನು ನಡದೈತಿ ಅಂತ ಪೂರಾ ಕೇಳ್ಕೋರಿ, ಜಗಳಕ್ಕ ನಿಲ್ಲಬ್ಯಾಡ್ರಿ. ಆಮ್ಯಾಲ ಮನಿಗೆ ಬಂದು ಬೆಲ್ಟ್ ತಗೋಬ್ಯಾಡ್ರಿ. ದೊಡ್ಡವ ಸಣ್ಣವನ್ನ ಹೊಡದು ಬಗ್ಗಿಸಬಹುದು ಅನ್ನೋದನ್ನ ಅವ ಅಲ್ಲಿ ಮಾಡಾಕತ್ತಿದ್ದು, ನೀವು ಇಲ್ಲಿ ಅದ ಪಾಠ ಮತ್ತೊಂದ್ಸಲ ಹೇಳಿಕೊಟ್ಟಂಗ ಆಗ್ತೈತಿ.

ಕೇಳಬೇಕಾದ್ದು: ಯಾರ ಜೋಡಿ ಇದ್ದಾಗ ಮಾಡ್ತಿ? ಒಬ್ಬನ ಇದ್ದಾಗ ಮಾಡ್ತಿಯೇನು? ಸುಮಾರು ಹುಡುಗ್ರು ಒಬ್ರ ಇದ್ದಾಗ ಮಾಡಂಗಿಲ್ಲ, ನಗೋರು ಬೇಕು. ಅವನ್ನೂ ಯಾರಾದ್ರೂ ಕಾಡ್ತಾರೇನು ಅಂತನೂ ನೋಡ್ರಿ, ಅಣ್ಣ, ಕಾಕಾ, ಟ್ಯೂಷನ್ ಮಾಸ್ತರು. ಮನ್ಯಾಗ ದೊಡ್ಡವ್ರು ಕೂಲಿ ಆಳನ್ನ, ಸೊಸಿನ್ನ ಹೆಂಗ ಕರೀತಾರ ಅನ್ನೋದನ್ನೂ ಒಂದೀಟು ಕಿವಿಗೊಟ್ಟು ಕೇಳ್ಕೋರಿ. ಆಮ್ಯಾಲ ಸರಿ ಮಾಡಿಸ್ರಿ: ಒಗದ ಚಪ್ಲಿಗೆ ಬದ್ಲಿ ಹೊಸ ಚಪ್ಲಿ, ಅದೂ ಅವನ ಜಾತ್ರಿ ರೊಕ್ಕದಾಗ. ಒಂದು ತಿಂಗಳ ಕಾಲ ವಾರಕ್ಕೊಂದ್ಸಲ ಟೀಚರ್‌ಗೆ ಫೋನ್ ಮಾಡಿ ಹೆಂಗದಾನ ಅಂತ ವಿಚಾರ್ಸ್ರಿ, ಫೋನ್ ಮಾಡ್ತೀನಿ ಅಂತ ಅವನಿಗೆ ಗೊತ್ತಿರ್ಲಿ.

## ಸಾಲಿ, ದಾರಿ, ಹಾಸ್ಟೆಲ್

ಕ್ಲಾಸಿನ್ಯಾಗ ಮಾಸ್ತರು ಇದ್ದ ಇರ್ತಾರ. ಇದು ನಡಿಯೋದು ಯಾವಾಗ?

ಮಾಸ್ತರು ಇಲ್ಲದಾಗ! ಪಾಯಖಾನಿ ಹಿಂದ, ನಳದ ಸಾಲಿನ್ಯಾಗ, ಒಂದು ಪಿರಿಯಡ್ ಮುಗದು ಇನ್ನೊಂದು ಶುರು ಆಗೋ ಹೊತ್ತಿನ್ಯಾಗ, ಗೇಟಿನಿಂದ ಬಸ್‌ಸ್ಟ್ಯಾಂಡ್ ತನಕ, ಕೆಕೆಆರ್‌ಟಿಸಿ ಬಸ್ಸಿನ ಹಿಂದಿನ ಸೀಟಿನ್ಯಾಗ. ಜಾಗ ಮತ್ತ ಹೊತ್ತು ಸಿಕ್ತಂದ್ರ ಅರ್ಧ ಕೆಲಸ ಆದಂಗ, ಹುಡುಗ್ರ ಸ್ವಭಾವ ಬದಲಾಗಾಕ ವರ್ಷ ಹಿಡಿತೈತಿ, ನಳದ ಹತ್ರ ಒಬ್ಬ ದೊಡ್ಡವ್ರು ನಿಲ್ಲಾಕ ಒಂದು ದಿನ ಸಾಕು. ಕಂಡಕ್ಟರ್‌ಗೆ ಹೇಳಿದ್ರೂ ಆಗ್ತೈತಿ, ದಿನಾ ಅದ ಹುಡುಗ್ರನ್ನ ನೋಡೋರು ಅವ್ರು, ಯಾರೂ ಅವ್ರನ್ನ ಕೇಳಿರಂಗಿಲ್ಲ ಅಷ್ಟ.

ಮೊಟ್ಟಿ ತಿಂತಾರ ಅಂತ ದೂರ ಕುಂದ್ರಸ್ತಾರ, ಜಾತಿ ಹೆಸರು ಹಿಡದು ಬೈತಾರ. ಇದೂ ಮಕ್ಕಳ ಜಗಳಾನ?

ಈ ಮಾತು ಮಕ್ಕಳ ಬಾಯಾಗ ಹುಟ್ಟಿದ್ದಲ್ಲ, ಮನ್ಯಾಗ ಕೇಳಿದ್ದು. ಬಿಸಿಯೂಟದಾಗ ಮೊಟ್ಟಿ ಕೊಡೋದು 2021ರ ಡಿಸೆಂಬರ್‌ನಾಗ ಶುರು ಆಗಿದ್ದ ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲಾಗಳಿಂದ, ತಿನ್ನದವ್ರಿಗೆ ಬಾಳಿಹಣ್ಣು. ಕೊಡೋದು ಚಲೋ, ಆದ್ರ ಯಾರಿಗೆ ಯಾವುದು ಅನ್ನೋದ ಕೆಲವು ಕಡೆ ಗುರುತಿನ ಚೀಟಿ ಆಗಿಬಿಡ್ತೈತಿ. ಬಡಿಸೋವಾಗ ಎರಡು ಸಾಲು ಮಾಡ್ಸದ, ಹಾಜರಿ ನಂಬರಿನ ಪ್ರಕಾರ ಕುಂದ್ರಿಸಿದ್ರ ಈ ತೊಂದ್ರಿ ಸುಮಾರು ಕಮ್ಮಿ ಆಗ್ತೈತಿ, ಒಬ್ಬ ಮಾಸ್ತರು ಅದ ಪಂಕ್ತ್ಯಾಗ ಕುಂತು ಉಂಡ್ರ ಇನ್ನೂ ಚಲೋ.

ಪರಿಶಿಷ್ಟ ಜಾತಿ, ಪಂಗಡದ ಮಗುನ್ನ ಜಾತಿ ಹಿಡದು ಮಂದಿ ಮುಂದ ಅವಮಾನ ಮಾಡೋದು 1989ರ ದೌರ್ಜನ್ಯ ತಡೆ ಕಾಯ್ದೆ ಪ್ರಕಾರ ಅಪರಾಧ. ಮಾಡಿದ್ದು ದೊಡ್ಡವ್ರು, ಸಾಲಿ ಸಿಬ್ಬಂದಿ ಆಗಿದ್ರ ಅದನ್ನ "ಒಳಗೊಳಗ ಮುಗಿಸ್ಕೋರಿ" ಅನ್ನೋ ಅಧಿಕಾರ ಹೆಡ್ ಮಾಸ್ತರ್‌ಗೂ ಇಲ್ಲ, ಊರ ಹಿರ್ಯಾರಿಗೂ ಇಲ್ಲ.

ಮಾಸ್ತರ ಅಡ್ಡ ಹೆಸರಿಟ್ಟು ಕರೀತಾರ, ಹೊಡೀತಾರ. ಅವ್ರಿಗೆ ಯಾರು ಹೇಳ್ಬೇಕು?

ಕಾನೂನ ಹೇಳ್ತೈತಿ. 2009ರ ಶಿಕ್ಷಣ ಹಕ್ಕು ಕಾಯ್ದೆ 17ನೇ ಕಲಂ ಪ್ರಕಾರ ಹೊಡಿಯೋದೂ ಇಲ್ಲ, ಮಾನಸಿಕ ಹಿಂಸಾನೂ ಇಲ್ಲ. 2015ರ ಬಾಲನ್ಯಾಯ ಕಾಯ್ದೆ 75ನೇ ಕಲಂನಾಗ ಮಕ್ಕಳ ಜವಾಬ್ದಾರಿ ಇರೋರು ಕ್ರೌರ್ಯ ಮಾಡಿದ್ರ 3 ವರ್ಷದ ತನಕ ಜೈಲು, ಇಲ್ಲಾ 1 ಲಕ್ಷ ದಂಡ, ಇಲ್ಲಾ ಎರಡೂ. ಕಾನೂನು ಒಂದ್ ಕಡೆ ಇರ್ಲಿ, ಮಾಸ್ತರು ಕ್ಲಾಸಿನ್ಯಾಗ ಒಬ್ಬನ್ನ "ಏ ಡುಮ್ಮ" ಅಂದ್ರ ಬಿಡುವಿನ್ಯಾಗ ನಲವತ್ತು ಮಂದಿ ಅನ್ನಾಕ ಪರವಾನಗಿ ಸಿಕ್ಕಂಗ. ಮೊದ್ಲು ಆ ಮಾಸ್ತರನ ಒಬ್ರನ ಕಂಡು ಮಾತಾಡ್ರಿ, ಎಷ್ಟೋ ಮಂದಿ ಪ್ರೀತಿಯಿಂದ ಕರ್ದೀನಿ ಅಂತ ಖರೇನ ತಿಳ್ಕೊಂಡಿರ್ತಾರ, ಬಿಡ್ತಾರ. ಬಿಡದಿದ್ರ ಲಿಖಿತ ದೂರು.

ನೋಡ್ಕೊಂತ ನಿಂತ ಹುಡುಗ್ರು ಏನು ಮಾಡ್ಬೇಕು? ಅಡ್ಡ ಹೋದ್ರ ಅವ್ರಿಗೂ ಬೀಳ್ತಾವ.

ಅಡ್ಡ ಹೋಗೂದ ಬ್ಯಾಡ. ಫಿನ್ಲೆಂಡ್ ದೇಶದ ತುರ್ಕು ವಿಶ್ವವಿದ್ಯಾಲಯದವ್ರು ಕಿವಾ ಅನ್ನೋ ಕಾರ್ಯಕ್ರಮ ಮಾಡ್ಯಾರ, ಅದು ಮುಖ್ಯವಾಗಿ ನಿಂತಿದ್ದ ಈ ನೋಡೋ ಮಕ್ಕಳ ಮ್ಯಾಲ. ಕಾಡ್ಸೋನಿಗೆ ಬೇಕಾಗಿದ್ದು ಮಂದಿ ಮುಂದ ದೊಡ್ಡಸ್ತಿಕಿ, ಮಂದಿ ನಗದಿದ್ರ ರುಚಿ ಹೋತು. ಮಕ್ಕಳಿಗೆ ಹೇಳಿಕೊಡೋದು ಸಣ್ಣ ಸಣ್ಣವು: ನಗಬ್ಯಾಡ್ರಿ, ಫೋನ್ ಹಿಡಿದು ವಿಡಿಯೋ ಮಾಡಬ್ಯಾಡ್ರಿ, "ಲೇ, ಸರ್ ಕರ್ಯಾಕತ್ಯಾರ ಬಾರೋ" ಅಂತ ಆ ಹುಡುಗನ್ನ ಅಲ್ಲಿಂದ ಎಳಕೊಂಡು ಬರ್ರಿ, ಅದೂ ಆಗದಿದ್ರ ಆಮ್ಯಾಲ ಹೋಗಿ ಅವನ ಪಕ್ಕ ಕುಂದ್ರಿ. ದೂರು ಹೇಳೋದಕ್ಕೂ ಚಾಡಿ ಹೇಳೋದಕ್ಕೂ ಅಂತರ ಐತಿ ಅನ್ನೋದನ್ನ ಮೂರನೇತ್ತದ ಮಗೂಗೂ ತಿಳಿಸಬಹುದು: ಒಬ್ಬನ್ನ ಸಿಕ್ಕಿ ಹಾಕ್ಸಾಕ ಹೇಳಿದ್ರ ಚಾಡಿ, ಒಬ್ಬನ್ನ ಪಾರು ಮಾಡಾಕ ಹೇಳಿದ್ರ ದೂರು.

ಮಗಳನ್ನ ದಾರ್ಯಾಗ ಹುಡುಗ್ರು ಕಾಡ್ತಾರ. ಸಾಲಿ ಬಿಡಿಸಿದ್ರ ಚಿಂತಿ ತಪ್ಪತೈತಲ್ಲ?

ಈ ಪ್ರಶ್ನಿ ಕೇಳೋ ತಾಯಂದಿರ ಅಂಜಿಕಿ ಸುಳ್ಳಲ್ಲ. ಆದ್ರ ನಮ್ಮ ಜಿಲ್ಲಾಗಳಾಗ ಏನಾಗ್ತೈತಿ ಅಂದ್ರ, ಪಕ್ಕದೂರಿನ ಹೈಸ್ಕೂಲಿಗೆ ನಡ್ಕೊಂಡು ಹೋಗೋ ಹುಡುಗೀನ್ನ ನಾಕು ಮಂದಿ ಪೋರರು ಹಿಂಬಾಲಿಸ್ತಾರ, ಸುದ್ದಿ ಮನಿಗೆ ಬರ್ತೈತಿ, ಮನ್ಯಾಗ ಮರ್ಯಾದಿ ಮಾತು ಬರ್ತೈತಿ, ಸಾಲಿ ಬಿಡಸ್ತಾರ, ಆರು ತಿಂಗಳಾಗ ವರಾ ನೋಡ್ತಾರ. ಕಾಡಿದವ್ರು ಆರಾಮ ಸಾಲಿಗೆ ಹೋಗ್ತಾರ, ಶಿಕ್ಷಾ ಆಗಿದ್ದು ಅಕಿಗೆ. ಹದಿನೆಂಟು ತುಂಬದ ಮದುವಿ ಮಾಡಿದ್ರ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಬ್ಯಾರೆ ಬರ್ತೈತಿ.

ಮಗಳು ತಾನಾಗಿ ಬಂದು ಹೇಳದ ಇರೋದಕ್ಕೂ ಇದ ಕಾರಣ, ಹೇಳಿದ್ರ ಸಾಲಿ ಹೋಗ್ತೈತಿ ಅಂತ ಗೊತ್ತು. ಅದಕ್ಕ ಮೊದಲ ಮಾತು "ಸಾಲಿ ಬಿಡಿಸಂಗಿಲ್ಲ" ಅನ್ನೋದು. ಆಮ್ಯಾಲ ಆ ದಾರ್ಯಾಗ ಹೋಗೋ ಉಳಿದ ಹೆಣ್ಣುಮಕ್ಕಳ ಮನ್ಯಾಗ ವಿಚಾರ್ಸ್ರಿ, ಒಬ್ಬಾಕೀನ ಆಗಿರಂಗಿಲ್ಲ. ಗುಂಪಾಗಿ ಹೋಗೋ ಹೊತ್ತು ಗೊತ್ತು ಮಾಡ್ರಿ, ಹೆಡ್ ಮಾಸ್ತರು ಮತ್ತ ಗ್ರಾಮ ಪಂಚಾಯಿತಿಗೆ ಬರ್ದು ಕೊಡ್ರಿ, ಬಸ್ಸಿನ ಟೈಮ್ ಬದ್ಲಿ ಬೇಕಿದ್ರ ಡಿಪೋಕ್ಕ ಅರ್ಜಿ ಹಾಕ್ರಿ. ಕೆಟ್ಟ ಉದ್ದೇಶದಿಂದ ತಿರುತಿರುಗಿ ಹಿಂಬಾಲಿಸೋದು, ನೋಡೋದು, ಫೋನ್ ಮಾಡೋದು, ಮಕ್ಕಳನ್ನ ಲೈಂಗಿಕ ಅಪರಾಧದಿಂದ ಕಾಯೋ 2012ರ ಪೋಕ್ಸೋ ಕಾಯ್ದೆ ಪ್ರಕಾರ ಲೈಂಗಿಕ ಕಿರುಕುಳ. ತುರ್ತಿಗೆ 112.

ಹುಡುಗ ಹೆಣ್ಣುಮಕ್ಕಳಂಗ ನಡೀತಾನ ಅಂತ ಎಲ್ಲಾರೂ ಆಡ್ಕೋತಾರ. ಅವನ್ನ ತಿದ್ದೋದು ಹೆಂಗ?

ತಿದ್ದಬೇಕಾಗಿದ್ದು ಆಡ್ಕೊಳ್ಳೋರನ್ನ. ಹುಲಿಗಿ ಜಾತ್ರ್ಯಾಗ ಸೀರಿ ಉಟ್ಟು ದೇವಿ ಸೇವಾ ಮಾಡೋ ಜೋಗಪ್ಪಗ ಕೈ ಮುಗಿಯೋ ಊರ, ಸಾಲ್ಯಾಗ ಮೆತ್ತಗ ಮಾತಾಡೋ ಹುಡುಗನ್ನ "ಜೋಗಪ್ಪ" ಅಂತ ಬೈಗುಳದಂಗ ಕರಿತೈತಿ, ಇದೊಂದು ನನಗ ಇವತ್ತಿಗೂ ಬಗೆಹರಿದಿಲ್ಲ. ಹುಡುಗ ಮುಂದ ಏನಾಗ್ತಾನ ಅನ್ನೋದು ಈಗ ಯಾರಿಗೂ ಬೇಕಾಗಿಲ್ಲ, ಅವನಿಗೆ ಪಾಯಖಾನಿಗೆ ಹೋಗಾಕ, ಬಟ್ಟಿ ಬದ್ಲಿ ಮಾಡಾಕ ಅಂಜಿಕಿ ಇಲ್ಲದ ಜಾಗ ಬೇಕು, ಬಿಡುವಿನ್ಯಾಗ ಕುಂದ್ರಾಕ ಇಬ್ಬರು ಗೆಳ್ಯಾರು ಬೇಕು. "ಗಂಡಸಾಗು" ಅಂತ ಮನ್ಯಾಗೂ ಬೈದ್ರ ಅವನಿಗೆ ಎರಡೂ ಕಡೆ ಬಾಗ್ಲಾ ಮುಚ್ಚಿದಂಗ.

ಹಾಸ್ಟೆಲ್‌ನಾಗ ಸೀನಿಯರ್ಸ್ ಬಟ್ಟಿ ಒಗಿಸ್ತಾರ, ರಾತ್ರಿ ಎಬ್ಬಿಸ್ತಾರ. ವಾರ್ಡನ್‌ಗೆ ಹೇಳಿದ್ರ ಇನ್ನೂ ಜಾಸ್ತಿ ಆಗ್ತೈತಂತ ಮಗ ಹೇಳವಲ್ಲ.

ಸಾಲಿ ಹುಡುಗನಿಗೆ ಸಂಜಿಗೆ ಮನಿ ಐತಿ, ಹಾಸ್ಟೆಲ್ ಹುಡುಗನಿಗೆ ಅದೂ ಇಲ್ಲ, ಕಾಡ್ಸೋನ ಪಕ್ಕದ ಟ್ರಂಕು. ಮೊರಾರ್ಜಿ ವಸತಿ ಶಾಲಿ ಇರ್ಲಿ, ಬಿಸಿಎಂ ಹಾಸ್ಟೆಲ್ ಇರ್ಲಿ, ಖಾಸಗಿ ಇರ್ಲಿ, ಕರ್ನಾಟಕ ಶಿಕ್ಷಣ ಕಾಯ್ದೆ 1983ರಾಗ ರ‍್ಯಾಗಿಂಗ್‌ಗೆ ನಿಷೇಧ ಐತಿ. ಹೇಳೋವಾಗ ಮಗನ ಹೆಸರು ಮುಂದ ಮಾಡಬ್ಯಾಡ್ರಿ, "ರಾತ್ರಿ ಹತ್ತರ ಮ್ಯಾಲ ಆರನೇತ್ತದ ರೂಮಿಗೆ ದೊಡ್ಡ ಹುಡುಗ್ರು ಹೋಗ್ತಾರ, ಒಂದ್ಸಲ ಆ ಹೊತ್ತಿಗೆ ಸುತ್ತು ಹಾಕ್ರಿ ಸರ್" ಅನ್ರಿ. ಜಾಗ, ಹೊತ್ತು ಹೇಳಿದ್ರ ವಾರ್ಡನ್ ತಾವ ಕಣ್ಣಾರೆ ಹಿಡೀತಾರ, ಮಗ ಹೇಳಿದ ಅನ್ನೋದ ಬರಂಗಿಲ್ಲ. ಸಣ್ಣವ್ರು ದೊಡ್ಡವ್ರು ಬ್ಯಾರೆ ಬ್ಯಾರೆ ರೂಮು, ಸ್ನಾನಕ್ಕ ಬ್ಯಾರೆ ಹೊತ್ತು ಕೇಳ್ರಿ. ವಾರ್ಡನ್ ಏನೂ ಮಾಡದಿದ್ರ ತಾಲ್ಲೂಕು, ಜಿಲ್ಲಾ ಮಟ್ಟದ ಆ ಇಲಾಖಿ ಅಧಿಕಾರಿ, ಇಲ್ಲಾ ಮಕ್ಕಳ ಸಹಾಯವಾಣಿ 1098.

## ಫೋನು, ದೂರು, ಡಾಕ್ಟರ್

ವಾಟ್ಸಾಪ್ ಗ್ರೂಪಿನ್ಯಾಗ ಮಗಳ ಫೋಟೋಕ್ಕ ಏನೇನೋ ಮಾಡಿ ಹಾಕ್ಯಾರ. ಡಿಲೀಟ್ ಮಾಡಿಸಿದ್ರ ಸಾಕಲ್ಲ?

ಡಿಲೀಟ್ ಮಾಡ್ಸೋಕಿಂತ ಮೊದ್ಲು ಸ್ಕ್ರೀನ್‌ಶಾಟ್, ನಂಬರ್ ಮತ್ತ ತಾರೀಕು ಕಾಣೋಹಂಗ. ಗ್ರೂಪಿನ್ಯಾಗ ತಿರುಗಿ ಬೈಬ್ಯಾಡ್ರಿ. ಸುಮ್ನ ಅಣಗಿಸೋ ಫೋಟೋ ಆಗಿದ್ರ, ಹಾಕಿದ ಹುಡುಗ ಗೊತ್ತಿದ್ರ, ಸಾಲಿ ಮತ್ತ ಆ ಮನಿಯವ್ರ ಜೋಡಿ ಮಾತಾಡಿ ಮುಗೀತೈತಿ. ಆದ್ರ ಬೆತ್ತಲೆ ಇಲ್ಲಾ ಅಸಭ್ಯ ಮಾಡಿದ ಫೋಟೋ ಇದ್ರ ಅದನ್ನ ಪುರಾವೆ ಅಂತನೂ ಯಾರಿಗೂ ಫಾರ್ವರ್ಡ್ ಮಾಡಬ್ಯಾಡ್ರಿ, ಮಕ್ಕಳ ಇಂಥ ಚಿತ್ರ ಹಂಚೋದು ಅಪರಾಧ. ಆ ಫೋನನ್ನ ಹಿಡ್ಕೊಂಡು ಪೊಲೀಸ್ ಸ್ಟೇಷನ್‌ಗೆ ಹೋಗ್ರಿ, ಇಲ್ಲಾ ಕೇಂದ್ರದ ಸೈಬರ್ ಕ್ರೈಂ ಪೋರ್ಟಲ್‌ನಾಗ ದೂರು ಹಾಕ್ರಿ, ಅಲ್ಲಿ ಹೆಣ್ಣುಮಕ್ಕಳು, ಮಕ್ಕಳ ವಿಷಯಕ್ಕ ಹೆಸರು ಹೇಳದ ದೂರು ಕೊಡಾಕೂ ಅವಕಾಶ ಐತಿ, ಸಹಾಯವಾಣಿ 1930. ಮಗಳ ಫೋನ್ ಕಸಗೋಬ್ಯಾಡ್ರಿ, ಹೇಳಿದ್ದಕ್ಕ ಫೋನ್ ಹೋತು ಅಂದ್ರ ಮುಂದಿನ ಸಲ ಹೇಳಂಗಿಲ್ಲ.

ಸಾಲ್ಯಾಗ ಹೇಳಿದ್ವಿ, "ನೋಡೋಣು ಬಿಡ್ರಿ" ಅಂದ್ರು. ಮುಂದ ಯಾರಿಗೆ?

ಬಾಯಿಲೆ ಹೇಳಿದ್ದು ಗಾಳಿಗೆ ಹೋಗ್ತೈತಿ, ಬರ್ದು ಕೊಡ್ರಿ. ಉದ್ದ ಬ್ಯಾಡ: ಯಾವ ತಾರೀಕು, ಎಲ್ಲಿ, ಏನಾತು, ಯಾರು ನೋಡಿದ್ರು, ನಾವು ಯಾರಿಗೆ ಯಾವಾಗ ಹೇಳಿದ್ವಿ, ಏನು ಕ್ರಮ ಬೇಕು. ಎರಡು ಪ್ರತಿ ಒಯ್ದು ಒಂದ್ರ ಮ್ಯಾಲ ಸಹಿ ಶಿಕ್ಕಾ ಹಾಕಿಸ್ಕೊಂಡು ಬರ್ರಿ. ಸರಕಾರಿ ಸಾಲಿ ಆದ್ರ ಎಸ್‌ಡಿಎಂಸಿಗೆ (ಪಾಲಕರು ಇರೋ ಸಾಲಿ ಉಸ್ತುವಾರಿ ಸಮಿತಿ), ಆಮ್ಯಾಲ ಬಿಇಒ (ತಾಲ್ಲೂಕಿನ ಶಿಕ್ಷಣ ಅಧಿಕಾರಿ), ಆಮ್ಯಾಲ ಡಿಡಿಪಿಐ (ಜಿಲ್ಲಾದ ಶಿಕ್ಷಣ ಅಧಿಕಾರಿ). ಸಿಬಿಎಸ್‌ಇ ಸಾಲಿ ಆದ್ರ ಮಂಡಳಿ 2015ರಾಗ ಮಾರ್ಗಸೂಚಿ ಹೊರಡಿಸಿ ಕಾಡ್ಸೋದನ್ನ ತಡಿಯಾಕ ಸಾಲ್ಯಾಗ ಸಮಿತಿ ಇರ್ಬೇಕಂತ ಹೇಳೈತಿ, ಆ ಸಮಿತ್ಯಾಗ ಯಾರ್ಯಾರದಾರ ಅಂತ ಮೊದ್ಲ ಕೇಳ್ರಿ, ಆ ಒಂದ ಪ್ರಶ್ನಿಗೆ ಎಷ್ಟೋ ಆಫೀಸು ಎಚ್ಚರ ಆಗ್ತಾವ.

ಸಾಲಿ ಹೊರಗಿನ ದಾರಿ: 1098 ಮಕ್ಕಳ ಸಹಾಯವಾಣಿ, ದುಡ್ಡಿಲ್ಲ, 24 ತಾಸು, ಮಗು ತಾನ ಫೋನ್ ಮಾಡಬಹುದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಮತ್ತ ಮಕ್ಕಳ ಕಲ್ಯಾಣ ಸಮಿತಿ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲಾದಾಗ ಅದಾವ. ಕಡೀಗೆ ಬೆಂಗಳೂರಿನ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ಅಲ್ಲಿಗೆ ಪೋಸ್ಟಿನ್ಯಾಗ ಕಳಿಸಿದ್ರೂ ನಡೀತೈತಿ.

ಪೊಲೀಸರಿಗೆ ಹೇಳಿದ್ರ ಆ ಹುಡುಗನ್ನ ಜೈಲಿಗೆ ಹಾಕ್ತಾರೇನು? ನಮಗ ಅದೂ ಬ್ಯಾಡ.

ಹಾಕಂಗಿಲ್ಲ. ಹದಿನೆಂಟರ ಒಳಗಿನವ್ರನ್ನ ಲಾಕಪ್‌ಗೂ ಹಾಕಂಗಿಲ್ಲ, ಜೈಲಿಗೂ ಹಾಕಂಗಿಲ್ಲ, ಬಾಲನ್ಯಾಯ ಮಂಡಳಿ ನೋಡ್ತೈತಿ. ಪ್ರತಿ ಸ್ಟೇಷನ್‌ನಾಗ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಅಂತ ಇರ್ತಾರ, ಅವ್ರನ್ನ ಕೇಳ್ರಿ. ಸಣ್ಣಪುಟ್ಟ ವಿಷಯಕ್ಕ ಎಫ್‌ಐಆರ್ ಸುದ್ದಾ ಹಾಕಂಗಿಲ್ಲ, ಹುಡುಗನ ಮನಿ ಪರಿಸ್ಥಿತಿ ವರದಿ ಬರ್ದು ಮಂಡಳಿಗೆ ಕಳಸ್ತಾರ. ಲೈಂಗಿಕ ಹಿಂಸಾ ಆಗಿದ್ರ ಮಾತ್ರ ಪೋಕ್ಸೋ ಪ್ರಕಾರ ಗೊತ್ತಿದ್ದವ್ರು ದೂರು ಕೊಡ್ಲೇಬೇಕು, ಮುಚ್ಚಿಟ್ಟ ಸಾಲಿಯವ್ರಿಗೂ ಶಿಕ್ಷಾ ಐತಿ.

"ಸತ್ತು ಹೋಗ್ತೀನಿ" ಅಂತಾನ. ಹೆದರ್ಸಾಕ ಅಂತಾನೋ, ಖರೇ ಅಂತಾನೋ?

ಖರೇ ಅಂತನ ಹಿಡೀರಿ. "ಸಾಯಬೇಕು ಅನ್ನಸ್ತೈತೇನಪ್ಪಾ?" ಅಂತ ನೇರ ಕೇಳ್ರಿ, ಕೇಳಿದ್ರ ಆ ವಿಚಾರ ತಲ್ಯಾಗ ಹಾಕಿದಂಗ ಆಗ್ತೈತಿ ಅನ್ನೋದು ಸುಳ್ಳು, ಕೇಳೋರು ಸಿಕ್ರಲ್ಲ ಅಂತ ಎದಿ ಹಗುರ ಆಗ್ತೈತಿ. ಒಬ್ಬನ್ನ ಬಿಡಬ್ಯಾಡ್ರಿ. ಹತ್ತಿ, ಮೆಣಸಿನಕಾಯಿ, ಭತ್ತಕ್ಕ ಹೊಡಿಯೋ ಎಣ್ಣಿ (ಕ್ರಿಮಿನಾಶಕ) ಮನ್ಯಾಗ ಇಟ್ಟಿದ್ರ ಇವತ್ತ, ಈಗ, ಮನಿ ಹೊರಗ ಬ್ಯಾರೆಯವ್ರ ಕೀಲಿ ಒಳಗ ಇಡ್ರಿ. 14416ಕ್ಕ ಫೋನ್ ಮಾಡ್ರಿ, ಟೆಲಿ ಮಾನಸ್, ಹಗಲು ರಾತ್ರಿ ಇರ್ತಾರ, ಕನ್ನಡದಾಗ ಮಾತಾಡ್ತಾರ. ಬಳ್ಳಾರಿ, ರಾಯಚೂರು, ಕೊಪ್ಪಳದ ಸರಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರ್ಯಾಗ ಮನೋವೈದ್ಯರು ಸಿಗ್ತಾರ. ಸಾಲಿ ವಿಷಯ ಎರಡು ದಿನ ಬಿಟ್ಟು ನೋಡಿದ್ರೂ ನಡೀತೈತಿ, ಇದು ಕಾಯಂಗಿಲ್ಲ.

## ಮಾಸ್ತರು, ಎಸ್‌ಡಿಎಂಸಿಯವ್ರು ಕೇಳಿದ್ದು

ಇಬ್ಬರನ್ನೂ ಕರ್ದು ಕೈ ಕುಲುಕಿಸಿ ಕ್ಷಮಾ ಕೇಳಿಸಿದ್ರ ಮುಗೀತಲ್ಲ?

ಸಮಾನರ ಜಗಳಕ್ಕ ಅದು ನಡೀತೈತಿ. ಇಲ್ಲಿ ಅಂಜಿದ ಹುಡುಗನ್ನ ಅಂಜಿಸಿದವನ ಮುಂದ ನಿಲ್ಲಿಸಿ "ನಿನಗೇನು ಮಾಡ್ಯಾನ ಹೇಳು" ಅಂದ್ರ ಅವ "ಏನಿಲ್ಲ ಸರ್" ಅಂತಾನ, ಕೈ ಕುಲುಕ್ತಾನ, ಗೇಟ್ ದಾಟಿದ ಮ್ಯಾಲ ಬಡ್ಡಿ ಸಮೇತ ಏಟು ತಿಂತಾನ. ಬ್ಯಾರೆ ಬ್ಯಾರೆ ಕರೀರಿ. ಮೊದ್ಲು ನೊಂದವನ್ನ, ಆಮ್ಯಾಲ ನೋಡಿದವ್ರನ್ನ, ಕಡೀಗೆ ಮಾಡಿದವ್ರನ್ನ, ಅದೂ ಒಬ್ಬೊಬ್ಬರನ್ನ, ಗುಂಪಿನ್ಯಾಗ ಅಲ್ಲ. ಯಾರು ಹೇಳಿದ್ರು ಅನ್ನೋದು ಬಾಯಿ ತಪ್ಪಿನೂ ಬರಬಾರದು, "ನಾವ ನೋಡೀವಿ" ಅನ್ರಿ. ಒಂದು ವಾರಕ್ಕ ಮತ್ತ ಕರೀರಿ, ತಿಂಗಳಿಗೆ ಮತ್ತೊಮ್ಮೆ. ಈ ಎರಡನೇ ಮೂರನೇ ಸಲ ಕರಿಯೋದ ಎಲ್ಲಾ ಕಡೆ ಬಿಟ್ಟು ಹೋಗ್ತೈತಿ.

ನಮ್ಮ ಸಾಲ್ಯಾಗ ದುಡ್ಡಿಲ್ಲ, ಮಾಸ್ತರೂ ಕಮ್ಮಿ. ಮೊದ್ಲಿಂದನ ತಡಿಬೇಕಂದ್ರ ಏನು ಮಾಡಾಕ ಸಾಧ್ಯ?

ಸಾಲಿ ನಕ್ಷಿ ಒಂದು ಹಾಳಿ ಮ್ಯಾಲ ತಗದು ಜೆರಾಕ್ಸ್ ಮಾಡಿಸ್ರಿ, ಕ್ಲಾಸ್‌ರೂಮು, ನಳ, ಪಾಯಖಾನಿ, ಅಡಗಿ ಕ್ವಾಣಿ, ಆಟದ ಬಯಲು, ಗೇಟು. ನಾಕನೇತ್ತದಿಂದ ಮ್ಯಾಲಿನ ಮಕ್ಕಳಿಗೆ ಕೊಟ್ಟು, ಹೆಸರು ಬರೀಬ್ಯಾಡ್ರಿ, ನಿಮಗ ಅಂಜಿಕಿ ಬರೋ ಜಾಗಕ್ಕ ಕೆಂಪು ಗುಣಾಕಾರ ಚಿಹ್ನಿ ಹಾಕ್ರಿ ಅನ್ರಿ. ಗಂಡು ಹೆಣ್ಣು ಹಾಳಿ ಬ್ಯಾರೆ ಇಡ್ರಿ, ಜಾಗ ಬ್ಯಾರೆ ಬರ್ತಾವ. ಎಲ್ಲಾ ಹಾಳಿ ಕೂಡಿಸಿದ್ರ ಎರಡೋ ಮೂರೋ ಜಾಗಕ್ಕ ಗುರುತು ಒತ್ತೊತ್ತಾಗಿ ಬಿದ್ದಿರ್ತಾವ. ಇರೋ ಮಾಸ್ತರಗೋಳು, ಅಡಗಿಯವ್ರು, ಎಸ್‌ಡಿಎಂಸಿ ಸದಸ್ಯರು ಪಾಳಿ ಹಚ್ಚಿ ಆ ಹೊತ್ತಿಗೆ ಅಲ್ಲಿ ನಿಂತ್ರ ಸಾಕು, ಇಡೀ ಸಾಲಿ ಕಾಯೋದು ಬ್ಯಾಡ.

ದೂರಿನ ಪೆಟ್ಟಿಗಿ ಇಡ್ರಿ, ಆದ್ರ ಆಫೀಸ್ ಬಾಗ್ಲದಾಗ ಇಡಬ್ಯಾಡ್ರಿ, ಅಲ್ಲಿ ಚೀಟಿ ಹಾಕೋದು ಊರಿಗೆಲ್ಲಾ ಕಾಣ್ತೈತಿ. ಕೀಲಿ ಇಬ್ಬರ ಕೈಯಾಗ ಇರ್ಲಿ, ಒಬ್ಬರು ಮೇಡಂ ಇರ್ಲಿ. ಅಕ್ಷರ ನೋಡಿ ಯಾರು ಬರ್ದಿದ್ದು ಅಂತ ಹುಡುಕೋ ಚಾಳಿ ಒಂದ್ಸಲ ಶುರು ಆದ್ರ ಪೆಟ್ಟಿಗಿ ಖಾಲಿ ಬೀಳ್ತೈತಿ. ವರ್ಷಕ್ಕೊಮ್ಮೆ ಪಂಚಾಯಿತ್ಯಾಗ ಮಕ್ಕಳ ಗ್ರಾಮಸಭಾ ಆಗ್ತೈತಿ, ದಾರಿ ದೀಪ, ಬಸ್ಸು, ಪಾಯಖಾನಿ ಬಾಗ್ಲಾ ಇವನ್ನ ಅಲ್ಲಿ ಮಕ್ಕಳ ಕೈಲೆ ಕೇಳಿಸ್ರಿ.

ಮೂರು ತಿಂಗಳು ಬಿಟ್ಟು ಅದ ನಕ್ಷಿ ಮತ್ತೊಂದ್ಸಲ ಹಂಚ್ರಿ. ಕೆಂಪು ಗುರುತು ನಳದ ಹತ್ರ ಕಮ್ಮಿ ಆಗಿ ಗೇಟಿನ ಹತ್ರ ಜಾಸ್ತಿ ಆಗಿದ್ರ ಕಾಡ್ಸೋರು ಜಾಗ ಬದಲಿಸ್ಯಾರ ಅಂತ ಅರ್ಥ, ಪಾಳಿನೂ ಅಲ್ಲಿಗೆ ಬದಲಿಸ್ರಿ. ಎಲ್ಲೂ ಕಮ್ಮಿ ಆಗಿಲ್ಲ ಅಂದ್ರ ಪಾಳಿ ಪಟ್ಟಿ ಹಾಳಿ ಮ್ಯಾಲ ಅಷ್ಟ ನಡದೈತೇನು ಅಂತ ಮೊದ್ಲ ವಿಚಾರ್ಸ್ರಿ.